ಗಂಡ ಕುಡಿತ ಬಿಟ್ಟು ನಾಲ್ಕು ತಿಂಗಳು. ಗಣೇಶನ ಸೀಸನ್‌ಗೆ ಕರೆ ಬಂದಿದೆ, ಕಳಿಸಲೋ ಬೇಡವೋ?

ಪ್ರಶ್ನೆ: ನನಗೆ 37 ವರ್ಷ. ಮಂಡ್ಯದ ಹತ್ತಿರ ಒಂದು ಊರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಯಜಮಾನರು 20 ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವರು, ಒಳ್ಳೆ ಹೆಸರಿತ್ತು. ಕುಡಿತ ಜಾಸ್ತಿಯಾಗಿ ಎರಡು ವರ್ಷದ ಹಿಂದೆ ಒಂದು ರಿಸೆಪ್ಷನ್‌ನಲ್ಲಿ ನುಡಿಸುತ್ತಾ ನುಡಿಸುತ್ತಾ ಕೀಬೋರ್ಡ್ ಮೇಲೇ ಬಿದ್ದುಬಿಟ್ಟರು. ಆಮೇಲೆ ಯಾರೂ ಕರೆಯಲಿಲ್ಲ. 12 ದಿನ ಆಸ್ಪತ್ರೆಯಲ್ಲಿದ್ದು ಬಂದು ಈಗ ನಾಲ್ಕು ತಿಂಗಳಾಯ್ತು, ಮುಟ್ಟಿಲ್ಲ. ಮಾತ್ರೆ ಎರಡು ತಿಂಗಳಿಗೇ ಬಿಟ್ಟರು. ಹೋದ ವಾರ ಹಳೇ ತಂಡದ ಓನರ್ ಫೋನ್ ಮಾಡಿದ್ದರು. ಗಣೇಶನ ಸೀಸನ್‌ನಲ್ಲಿ 14 ಪ್ರೋಗ್ರಾಂ ಇದೆ, ಬನ್ನಿ ಅಂತ. ಮೊದಲನೇದಕ್ಕೆ ಇನ್ನೂ 5 ವಾರ ಇದೆ. ಇವರು ಕುಣಿದಾಡುತ್ತಿದ್ದಾರೆ. ಆದರೆ ಪ್ರಾಕ್ಟೀಸ್‌ಗೆ ಕೂತಾಗ ಬೆರಳು ನಡುಗುತ್ತೆ. 'ಸ್ಟೇಜ್ ಹತ್ತೋ ಮುಂಚೆ ಒಂದೇ ಒಂದು ಬಿಯರ್ ಹಾಕಿದ್ರೆ ಕೈ ನಿಲ್ಲುತ್ತೆ, ಬಿಯರ್ ಏನ್ ಎಣ್ಣೆನಾ?' ಅಂತಾರೆ. ನಮ್ಮತ್ತೆ 'ಕೆಲಸ ಸಿಕ್ಕಿದ್ರೆ ತಾನಾಗೇ ಸರಿಹೋಗ್ತಾನೆ, ಅಡ್ಡ ಹಾಕ್ಬೇಡ' ಅಂತಾರೆ. ನಮ್ಮ ಚಿಕ್ಕಮ್ಮ ಸಾರಿಗೆ ಬೆರೆಸು ಅಂತ ಒಂದು ಪುಡಿ ತಂದುಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಹಬ್ಬದ ಬ್ಲೌಸ್‌ಗಳನ್ನೆಲ್ಲ ವಾಪಸ್ ಕೊಟ್ಟು ಪ್ರತೀ ಪ್ರೋಗ್ರಾಂಗೂ ಜೊತೆಗೆ ಹೋಗೋಣ ಅಂತಿದ್ದೇನೆ. ಅವರು ಹೊರಗೆ ಹೋಗಿ ಬಂದರೆ ಮಗಳನ್ನು ಕಳಿಸಿ ಬಾಯಿ ವಾಸನೆ ನೋಡಿಸುತ್ತೇನೆ. ಅವಳಿಗೆ 13. ಇನ್ನೊಂದು ವಿಷಯ, ಬೈಬೇಡಿ. ಒಂದೊಂದು ಸಲ ಕುಡೀತಿದ್ದಾಗ್ಲೇ ಚೆನ್ನಾಗಿತ್ತು ಅನ್ನಿಸುತ್ತೆ. ಆಗ ಮಾತಾದ್ರೂ ಆಡ್ತಿದ್ರು.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಪ್ರಶ್ನೆ ಒಂದೇ, ಕಳಿಸಲೋ ಬೇಡವೋ ಅಂತ. ಒಳಗೆ ಎರಡು ಭಯ ಕೂತಿವೆ. ಕಳಿಸಿದರೆ ಕುಡಿಯುತ್ತಾರೆ. ಕಳಿಸದಿದ್ದರೆ ಮನೆಯಲ್ಲಿ ಕೂತು ಕೊರಗಿ ಕೊರಗಿ ಕುಡಿಯುತ್ತಾರೆ. ಎರಡೂ ಸುಳ್ಳು ಭಯವಲ್ಲ. ಕುಡಿತದ ರೋಗಿಗಳನ್ನು ನೋಡುತ್ತಾ 20 ವರ್ಷ ಕಳೆದ ನನಗೆ ಎರಡೂ ಥರದವರು ಸಿಕ್ಕಿದ್ದಾರೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕಳಿಸಿ. ಆದರೆ 14ಕ್ಕೂ ಬೇಡ. ಡಾಕ್ಟರಿಗೆ ತೋರಿಸದೆ ಒಂದಕ್ಕೂ ಬೇಡ. ಪುಡಿ ಹಾಕಲೇಬೇಡಿ.

ನಿಮ್ಮತ್ತೆಯ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಮೊದಲು 'ಮದುವೆ ಮಾಡಿದ್ರೆ ಸರಿಹೋಗ್ತಾನೆ' ಅಂತಿದ್ದವರು, ಆಮೇಲೆ 'ಮಗು ಆದ್ರೆ', ಕೊನೆಗೆ 'ಕೆಲಸ ಸಿಕ್ಕಿದ್ರೆ'. ಆ ತಾಯಿಯ ಆಸೆ ಅರ್ಥವಾಗುತ್ತೆ. ಆದರೆ ಕೆಲಸ ಔಷಧವಲ್ಲ. ಹಾಗಂತ ಕೆಲಸ ಕೇವಲ ಅಪಾಯವೂ ಅಲ್ಲ. ಬೆಳಗ್ಗೆ ಏಳೋದಕ್ಕೆ ಒಂದು ಕಾರಣ, ಜೇಬಿನಲ್ಲಿ ತನ್ನ ದುಡ್ಡು, ನಾಲ್ಕು ಜನ 'ಏನ್ ಸಾರ್, ಮತ್ತೆ ಬಂದ್ರಾ' ಅಂತ ಕೈ ಕುಲುಕೋದು, ಇವೆಲ್ಲ ಕುಡಿತ ಬಿಟ್ಟವರನ್ನು ಹಿಡಿದು ನಿಲ್ಲಿಸುತ್ತವೆ. ತೊಂದರೆ ಏನಂದ್ರೆ ನಿಮ್ಮವರ ಕೆಲಸ ಇರುವ ಜಾಗದಲ್ಲೇ ಎಣ್ಣೆಯೂ ಇದೆ. ಬ್ಯಾಂಕಿನ ಗುಮಾಸ್ತ ಕೆಲಸಕ್ಕೆ ವಾಪಸ್ ಹೋದರೆ ಕೌಂಟರಿನ ಹಿಂದೆ ಯಾರೂ ಬಾಟಲಿ ಬಿಚ್ಚೋದಿಲ್ಲ. ಗಣೇಶನ ಪೆಂಡಾಲಿನ ಹಿಂದೆ ಬಿಚ್ಚುತ್ತಾರೆ. ಅಲ್ವಾ?

ಒಂದು ಸಮಾಧಾನದ ಮಾತು. ಬಿಟ್ಟವರು ಮತ್ತೆ ಜಾರೋದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ನಿಮ್ಮವರು ಅದನ್ನು ದಾಟಿದ್ದಾರೆ, ಅದೂ ಕೊನೆಯ ಎರಡು ತಿಂಗಳು ಮಾತ್ರೆ ಇಲ್ಲದೆ. ಇದು ಸಣ್ಣ ವಿಷಯವಲ್ಲ, ಅವರಿಗೆ ಬಾಯಿಬಿಟ್ಟು ಹೇಳಿ.

ಈಗ ಆ ನಡುಗುವ ಬೆರಳಿನ ವಿಷಯ. ನಿಮ್ಮ ಪತ್ರದಲ್ಲಿ ಇದು ಒಂದೇ ಸಾಲು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಯಾಕಂದ್ರೆ ನಿಮ್ಮವರು ಮತ್ತೆ ಕುಡಿದರೆ ಆಸೆಗಿಂತ ಹೆಚ್ಚಾಗಿ ಈ ಭಯಕ್ಕೆ ಕುಡಿಯುತ್ತಾರೆ. 20 ವರ್ಷ ಬೆರಳನ್ನೇ ನಂಬಿ ಬದುಕಿದ ಮನುಷ್ಯ. ಹಾಡಿನ ಮಧ್ಯೆ ಬಿಜಿಎಂ ಬಂದಾಗ ಬೆರಳು ತಪ್ಪಿದರೆ, ಸಾವಿರ ಜನ ನೋಡುತ್ತಿದ್ದಾರೆ. 'ಇನ್ನೂ ಬಿಟ್ಟಿಲ್ಲ ಕಣೋ ಇವ್ನು' ಅನ್ನುತ್ತಾರೆ. ಕುಡಿಯದೇ ಇದ್ದರೂ ಕುಡುಕ ಅನ್ನಿಸಿಕೊಳ್ಳೋ ಭಯ ಅದು. ಆ ಭಯಕ್ಕೆ ಅವರಿಗೆ ಗೊತ್ತಿರುವ ಮದ್ದು ಒಂದೇ.

ಕೈ ನಡುಕದಲ್ಲಿ ಬೇರೆ ಬೇರೆ ಜಾತಿ ಇದೆ. ದಿನಾ ಕುಡಿಯುವವರು ನಿಲ್ಲಿಸಿದಾಗ ಆರೆಂಟು ಗಂಟೆಯಲ್ಲೇ ಶುರುವಾಗುವ ನಡುಕ ಒಂದು. ಮೆದುಳು ವರ್ಷಗಟ್ಟಲೆ ಎಣ್ಣೆಯ ಮಂಪರಿನ ವಿರುದ್ಧ ಜೋರಾಗಿ ಓಡುವುದನ್ನು ಕಲಿತಿರುತ್ತೆ. ಎಣ್ಣೆ ತೆಗೆದರೆ ಆ ಓಟ ಮಾತ್ರ ಉಳಿಯುತ್ತೆ, ಬ್ರೇಕಿಲ್ಲದ ಗಾಡಿ ಥರ. ಬೆಳಗ್ಗೆ ಎದ್ದು ಒಂದು ನೈಂಟಿ ಹಾಕಿದರೆ ಕೈ ನಿಲ್ಲೋದು ಇದಕ್ಕೇ. ಅದು ಎಣ್ಣೆಯ ಶಕ್ತಿಯಲ್ಲ. ರಾತ್ರಿ ಮಾಡಿದ ಸಾಲವನ್ನು ಬೆಳಗ್ಗೆ ಹೊಸ ಸಾಲ ತಂದು ತೀರಿಸಿದ ಹಾಗೆ. ಆದರೆ ಈ ನಡುಕ ದಿನಗಳಲ್ಲಿ ಇಳಿಯುತ್ತೆ, ಹೆಚ್ಚೆಂದರೆ ಕೆಲವು ವಾರ. ನಾಲ್ಕು ತಿಂಗಳಾದ ಮೇಲೆ ಇರೋದಿಲ್ಲ. ಹಾಗಾಗಿ ನಿಜಕ್ಕೂ ಮುಟ್ಟಿಲ್ಲ ಅಂದರೆ ಈ ನಡುಕಕ್ಕೆ ಬೇರೆ ಕಾರಣ ಇದೆ.

ಎರಡನೇದು ಸ್ಟೇಜ್ ಭಯದ ನಡುಕ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಕಡಿಮೆ, ನೀವು ಬಾಗಿಲಲ್ಲಿ ನಿಂತು ನೋಡಿದರೆ ಜಾಸ್ತಿ. ಇದನ್ನು ನೀವೇ ಗಮನಿಸಬಹುದು. ಮೂರನೇದು ವಂಶದಲ್ಲೇ ಹರಿದು ಬರುವ ನಡುಕ. ಲೋಟ ಎತ್ತುವಾಗ, ಬರೆಯುವಾಗ, ಕೈ ಮುಂದಕ್ಕೆ ಚಾಚಿದಾಗ ಕಾಣುತ್ತೆ. ಇದರ ವಿಚಿತ್ರ ಏನಂದ್ರೆ ಸ್ವಲ್ಪ ಎಣ್ಣೆ ಹೊಟ್ಟೆಗೆ ಬಿದ್ದರೆ ಇದೂ ತಾತ್ಕಾಲಿಕವಾಗಿ ತಗ್ಗುತ್ತೆ. 'ಕುಡಿದ್ರೆ ಕೈ ನಿಲ್ಲುತ್ತೆ' ಅಂತ ನಿಮ್ಮವರು ಹೇಳೋದು ನೆಪವೇ ಆಗಿರಬೇಕಿಲ್ಲ. ಎಷ್ಟೋ ಜನ ಈ ನಡುಕ ಮುಚ್ಚಿಡೋಕೇ ಕುಡಿಯೋದನ್ನು ಜಾಸ್ತಿ ಮಾಡಿಕೊಂಡಿರುತ್ತಾರೆ. ಇವಲ್ಲದೆ ಥೈರಾಯ್ಡ್ ಜಾಸ್ತಿ ಆದರೂ ಕೈ ನಡುಗುತ್ತೆ. ಕೆಲವು ಮಾತ್ರೆಗಳಿಂದಲೂ ಬರುತ್ತೆ. ಬಿ1 ವಿಟಮಿನ್ ಕೊರತೆಯಿಂದ ನರ ಸೋತಿದ್ದರೆ ಪಾದ ಉರಿ, ಜೋಮು ಇರುತ್ತೆ, ಅದನ್ನೂ ಕೇಳಿ ನೋಡಿ.

ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ಸ್ಟೇಜ್ ಭಯಕ್ಕೂ ವಂಶದ ನಡುಕಕ್ಕೂ ಪ್ರೊಪ್ರನೊಲಾಲ್ ಅನ್ನೋ ಹಳೇ ಮಾತ್ರೆ ಎಷ್ಟೋ ಸಂಗೀತಗಾರರ ಕೈ ಹಿಡಿದಿದೆ. ಆದರೆ ಆಸ್ತಮಾ ಇದ್ದವರಿಗೆ, ನಾಡಿ ನಿಧಾನ ಇದ್ದವರಿಗೆ ಅಪಾಯ. ಮೆಡಿಕಲ್ ಸ್ಟೋರಿಗೆ ಹೋಗಿ ಹೆಸರು ಹೇಳಿ ತರಬೇಡಿ.

ಇಲ್ಲಿ ಒಂದು ಹಳೇ ಕಥೆ ನೆನಪಾಗುತ್ತೆ. ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ನೆರವಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. ಅದನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಬಿಲ್ ವಿಲ್ಸನ್, ಅಮೆರಿಕದ ಶೇರು ವ್ಯವಹಾರದವರು. ಕುಡಿತದಿಂದ ಎಲ್ಲಾ ಹೋಗಿತ್ತು. ಹೆಂಡತಿ ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸುತ್ತಿದ್ದರು. 1935ರ ಮೇನಲ್ಲಿ, ಬಿಟ್ಟು ಐದು ತಿಂಗಳಾದಾಗ, ಮತ್ತೆ ಮೇಲೆ ಬರಬೇಕು ಅಂತ ಒಂದು ದೊಡ್ಡ ವ್ಯವಹಾರಕ್ಕೆ ಆಕ್ರನ್ ಅನ್ನೋ ಊರಿಗೆ ಹೋದರು. ಅದು ಕೆಟ್ಟಿತು. ಹೋಟೆಲಿನ ಹಜಾರದಲ್ಲಿ ಒಬ್ಬರೇ ನಿಂತಿದ್ದಾಗ ಬಾರಿನ ಕಡೆಯಿಂದ ನಗು, ಮಾತು ಕೇಳಿಸಿತು. ಅವರು ಆ ಕಡೆ ಹೋಗದೆ ಫೋನ್ ಎತ್ತಿಕೊಂಡರು. ತನ್ನ ಥರದ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಅಂತ ಊರಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್, ಒಬ್ಬ ಸರ್ಜನ್. ಅವರದ್ದೂ ನಿಮ್ಮವರದ್ದೇ ಸಮಸ್ಯೆ, ಕೈ ನಡುಕ. ಜೂನ್ 10ರಂದು ಆಪರೇಷನ್ ಮಾಡಬೇಕಿತ್ತು. ಕೈ ನಿಲ್ಲಲಿ ಅಂತ ಬಿಲ್ ಅವರಿಗೆ ಒಂದು ಬಿಯರ್ ಕುಡಿಸಿದರು. ಅದೇ ಅವರ ಕೊನೆಯ ಕುಡಿತ. ಈ ಕಥೆ ಹೇಳಿದರೆ ನಿಮ್ಮವರು 'ನೋಡಿದ್ಯಾ, ಡಾಕ್ಟರೇ ಬಿಯರ್ ಕುಡಿದ್ರು' ಅಂತಾರೆ, ಗೊತ್ತು. ಬಾಬ್ ಆಗಷ್ಟೇ ಕೆಲವು ದಿನ ಕುಡಿದು ಎದ್ದಿದ್ದರು, ಮೊದಲು ಹೇಳಿದ ಜಾತಿಯ ನಡುಕ ಅದು. ಆ ಕಾಲಕ್ಕೆ ಅದಕ್ಕೆ ಇವತ್ತಿನ ಮಾತ್ರೆಗಳೂ ಇರಲಿಲ್ಲ. ನಾಲ್ಕು ತಿಂಗಳ ಮೇಲೆ ಅದೇ ಬಿಯರ್ ಔಷಧವಲ್ಲ, ಬಾಗಿಲು ತೆಗೆದ ಹಾಗೆ.

'ಬಿಯರ್ ಏನ್ ಎಣ್ಣೆನಾ?' ಅನ್ನೋದಕ್ಕೆ ಒಂದು ಲೆಕ್ಕ ಹಾಕಿ ತೋರಿಸಿ. ಸ್ಟ್ರಾಂಗ್ ಬಿಯರಿನ ದೊಡ್ಡ ಬಾಟಲಿ 650 ಎಂಎಲ್. ಆಲ್ಕೋಹಾಲ್ 8% ಇದ್ದರೆ 52 ಎಂಎಲ್ ಆಯಿತು. ವಿಸ್ಕಿಯಲ್ಲಿ 42.8% ಇರುತ್ತೆ, 90 ಎಂಎಲ್ ಪ್ಯಾಕೆಟ್ಟಿಗೆ 38 ಎಂಎಲ್ ಚಿಲ್ಲರೆ. ಅಂದರೆ ಒಂದು ಬಿಯರ್ ಒಂದು ನೈಂಟಿಗಿಂತ ಜಾಸ್ತಿ. ಹಳೇ ಅಭ್ಯಾಸ ಬಿಟ್ಟ ದೇಹಕ್ಕೆ ಈಗ ಅದು ಮುಂಚಿಗಿಂತ ಜೋರಾಗಿ ಏರುತ್ತೆ, ಬೆರಳು ಹಾಡಿಗಿಂತ ಹಿಂದೆ ಬೀಳುತ್ತೆ.

ಪುಡಿ. ಇದರ ಬಗ್ಗೆ ಕೈ ಮುಗಿದು ಹೇಳುತ್ತೇನೆ, ಇವತ್ತೇ ಎಸೆಯಿರಿ. 'ಗೊತ್ತಾಗದ ಹಾಗೆ ಕುಡಿತ ಬಿಡಿಸಿ' ಅಂತ ಗೋಡೆ ಮೇಲೆ, ಬಸ್ಸಿನ ಹಿಂದೆ ಬರೆದಿರುತ್ತಾರಲ್ಲ, ಅಂಥ ಪುಡಿಗಳಲ್ಲಿ ಏನಿದೆ ಅಂತ ಮಾರುವವರೂ ಹೇಳೋದಿಲ್ಲ. ಕುಡಿತ ಬಿಡಿಸೋಕೆ ಡಾಕ್ಟರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಸಾರಿಗೆ ಬೆರೆಸಿದ ಮನೆಗಳನ್ನೂ ನೋಡಿದ್ದೇನೆ. ಆ ಔಷಧದ ಕಥೆಯೇ ಮಜವಾಗಿದೆ. ಹೊಟ್ಟೆಹುಳಕ್ಕೆ ಮದ್ದು ಹುಡುಕುತ್ತಿದ್ದ ಡೆನ್ಮಾರ್ಕಿನ ವಿಜ್ಞಾನಿಗಳು 1940ರ ದಶಕದಲ್ಲಿ ಅದನ್ನು ತಾವೇ ನುಂಗಿ ನೋಡಿದರು. ಆಮೇಲೆ ಸ್ವಲ್ಪ ಕುಡಿದಾಗ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು ಒದ್ದಾಡಿದರು. ಕುಡಿತ ಬಿಡಿಸೋಕೆ ಅದು ಬಂದಿದ್ದು ಹಾಗೆ. ಎಣ್ಣೆ ದೇಹದಲ್ಲಿ ಕರಗುವ ದಾರಿಯನ್ನು ಅದು ಅರ್ಧಕ್ಕೇ ಕಟ್ಟಿಹಾಕುತ್ತೆ, ವಿಷ ರಕ್ತದಲ್ಲಿ ಉಳಿಯುತ್ತೆ. ವಾಂತಿ, ಉಸಿರುಗಟ್ಟು, ಬಿಪಿ ಕುಸಿತ, ಹೃದಯ ಸರಿ ಇಲ್ಲದವರಿಗೆ ಸಾವು. ಕೊನೇ ಮಾತ್ರೆ ನುಂಗಿ ಎರಡು ವಾರ ಆದ ಮೇಲೂ ಇದು ಆಗಬಹುದು. ಹಾಗಾಗಿ ಈ ಮಾತ್ರೆ ತಗೊಳ್ಳುವವರಿಗೆ ಗೊತ್ತಿದ್ದು, ಒಪ್ಪಿ, ಸಹಿ ಹಾಕಿ ತಗೊಂಡರೆ ಮಾತ್ರ ನಾವು ಕೊಡೋದು. ಹಾಗೆ ಕೊಟ್ಟಾಗ ಅದು ಒಳ್ಳೇ ಮಾತ್ರೆಯೇ. ಬೆಳಗ್ಗೆ ನಿಮ್ಮ ಕೈಯಿಂದಲೇ ಇಸ್ಕೊಂಡು ನಿಮ್ಮೆದುರೇ ನುಂಗಿದರೆ ಇನ್ನೂ ಒಳ್ಳೇದು. ಆದರೆ ಕದ್ದು ಹಾಕಿ ಸಿಕ್ಕಿಬಿದ್ದ ದಿನ, ಅವರು ನಿಮ್ಮ ಕೈ ಊಟ ಬಿಡುತ್ತಾರೆ. ಆಮೇಲೆ ನನ್ನ ಮಾತ್ರೆಯನ್ನೂ ಬಿಡುತ್ತಾರೆ.

ಅವರು ನಿಲ್ಲಿಸಿದ ಮಾತ್ರೆ ಯಾವುದು ಅಂತ ಬರೆದಿಲ್ಲ. ಡೈಸಲ್ಫಿರಾಮ್ ಅಲ್ಲದೆ ನಾಲ್ಟ್ರೆಕ್ಸೋನ್ ಇದೆ, ಕುಡಿಯೋ ಸೆಳೆತ ತಗ್ಗಿಸುತ್ತೆ. ಅಕಾಂಪ್ರೊಸೇಟ್ ಇದೆ, ಬಿಟ್ಟವರು ಬಿಟ್ಟ ಹಾಗೇ ಇರೋಕೆ ನೆರವಾಗುತ್ತೆ. ಒಂದಕ್ಕೆ ಲಿವರ್ ಟೆಸ್ಟ್ ನೋಡಬೇಕು, ಇನ್ನೊಂದಕ್ಕೆ ಕಿಡ್ನಿ. ಎರಡಕ್ಕೂ ಚಟ ಹತ್ತೋದಿಲ್ಲ. ಸೀಸನ್ ಮುಗಿಯುವವರೆಗಾದರೂ ಒಂದನ್ನು ಮತ್ತೆ ಶುರು ಮಾಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. 'ಮನಸ್ಸು ಗಟ್ಟಿ ಇದ್ರೆ ಮಾತ್ರೆ ಯಾಕೆ' ಅನ್ನುವವರು ಮಳೆಗಾಲದಲ್ಲಿ ಕೊಡೆ ಯಾಕೆ ಅಂತ ಕೇಳೋದಿಲ್ಲ.

ಈಗ 14 ಪ್ರೋಗ್ರಾಮಿನ ಮಾತಿಗೆ ಬರೋಣ. ಆರ್ಕೆಸ್ಟ್ರಾದವರು, ಬ್ಯಾಂಡ್‌ಸೆಟ್‌ನವರು, ಅಡುಗೆ ಭಟ್ಟರು, ಶಾಮಿಯಾನದವರು, ಹೀಗೆ ರಾತ್ರಿ ದುಡಿಯುವ ಎಷ್ಟೋ ಜನ ನನ್ನ ಹತ್ತಿರ ಬಂದಿದ್ದಾರೆ. ಎಲ್ಲಿ ಜಾರಿದ್ರಿ ಅಂತ ಕೇಳಿದರೆ ಕೆಲಸದ ಮಧ್ಯೆ ಅನ್ನುವವರು ಕಡಿಮೆ. ಕೆಲಸ ಮುಗಿದ ಮೇಲೆ. ಕೊನೇ ಹಾಡು ಮುಗಿಯುತ್ತೆ, ಜನ ಎದ್ದು ಹೋಗುತ್ತಾರೆ. ಮೈಯಲ್ಲಿ ಇನ್ನೂ ಹುರುಪು ಇಳಿದಿಲ್ಲ, ನಿದ್ದೆ ಬರೋದಿಲ್ಲ, ಹೊಟ್ಟೆ ಹಸಿದಿದೆ. ಕೇಬಲ್ ಸುತ್ತುತ್ತಾ ಇರುವಾಗ ಕಮಿಟಿಯ ಹುಡುಗನೊಬ್ಬ ಬಂದು ಪೇಮೆಂಟ್ ಕೈಗಿಟ್ಟು 'ಬನ್ನಿ ಅಣ್ಣ, ಹಿಂದ್ಗಡೆ ಊಟ ಇದೆ' ಅಂತಾನೆ. ಹಿಂದ್ಗಡೆ ಊಟದ ಜೊತೆ ಏನಿರುತ್ತೆ ಅಂತ ಎಲ್ಲರಿಗೂ ಗೊತ್ತು. ಅದನ್ನೂ ತಪ್ಪಿಸಿಕೊಂಡರೆ ಟಿಟಿ ಗಾಡಿಯಲ್ಲಿ ಎರಡು ಗಂಟೆ ಪ್ರಯಾಣ, ಕೊನೇ ಸೀಟಿನಲ್ಲಿ ಲೋಟ ಕೈಯಿಂದ ಕೈಗೆ. ಹಸಿವು, ಸುಸ್ತು, ಕೈಯಲ್ಲಿ ದುಡ್ಡು, ಹಳೇ ಸ್ನೇಹಿತರು, ಮಧ್ಯರಾತ್ರಿ. ಐದೂ ಒಟ್ಟಿಗೆ. ಅಪಾಯ ಸ್ಟೇಜಿನ ಮೇಲಿಲ್ಲ. ಸ್ಟೇಜ್ ಇಳಿದ ಮೊದಲ ಮೂರು ಗಂಟೆಯಲ್ಲಿದೆ.

ಇದನ್ನು ಇಟ್ಟುಕೊಂಡು ನೋಡಿದರೆ ನಿಮಗಿರುವ ದಾರಿಗಳು ಸ್ಪಷ್ಟವಾಗುತ್ತವೆ. 14ಕ್ಕೂ ಹೋದರೆ ದುಡ್ಡು ಬರುತ್ತೆ, ಹೆಸರೂ ವಾಪಸ್ ಬರಬಹುದು. ಆದರೆ ಒಂದರ ಮೇಲೊಂದು ರಾತ್ರಿ ನಿದ್ದೆಗೆಟ್ಟರೆ ನಾಲ್ಕನೇ ದಿನಕ್ಕೆ ಯಾರ ಮನಸ್ಸೂ ಗಟ್ಟಿ ಇರೋದಿಲ್ಲ. ಒಂದಕ್ಕೂ ಹೋಗಬಾರದು ಅಂದರೆ ಈ ವರ್ಷದ ಮಟ್ಟಿಗೆ ಸುರಕ್ಷಿತ. ಮನೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡಬಹುದು, ಭಜನೆಗೆ ಹಾರ್ಮೋನಿಯಂ ಹಿಡಿಯಬಹುದು, ಟ್ರ್ಯಾಕ್ ಮಾಡಿಕೊಡಬಹುದು. ಹಗಲು ಕೆಲಸ, ಸ್ವಲ್ಪ ದುಡ್ಡು. ನಾಲ್ಕು ತಿಂಗಳ ಮಧ್ಯೆ ಒಂದೆರಡು ಸಲ ಜಾರಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಆದರೆ ಎರಡು ವರ್ಷ ಕಾದ ಕರೆ ಬಂದಾಗ 'ಬೇಡ' ಅಂತ ನೀವು ಹೇಳಿದರೆ, ಸೋಲಿನ ಸಿಟ್ಟೆಲ್ಲ ನಿಮ್ಮ ಮೇಲೆ ತಿರುಗುತ್ತೆ. 'ನೀನೇ ತಡೆದೆ' ಅನ್ನೋ ಮಾತು ಕುಡಿಯೋಕೆ ಚೆನ್ನಾಗಿ ಒದಗುತ್ತೆ.

ಅದಕ್ಕೇ ನಾನು ಮೂರು ಅಥವಾ ನಾಲ್ಕು ಅನ್ನೋದು. ಹತ್ತಿರದ ಊರು, ಅವತ್ತೇ ರಾತ್ರಿ ಮನೆಗೆ, ಎರಡರ ಮಧ್ಯೆ ಕನಿಷ್ಠ ಮೂರು ದಿನ ಬಿಡುವು. ಚೆನ್ನಾಗಿ ನಡೆದರೆ ದಸರಾಕ್ಕೆ ಇನ್ನಷ್ಟು, ನವೆಂಬರಿನ ರಾಜ್ಯೋತ್ಸವಕ್ಕೆ ಮತ್ತಷ್ಟು. ಇದರಲ್ಲೂ ಅಪಾಯ ಇಲ್ಲ ಅನ್ನೋದಿಲ್ಲ. ಓನರ್ 'ಬಂದ್ರೆ ಪೂರ್ತಿ ಬನ್ನಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ' ಅನ್ನಬಹುದು. ಅಂದರೆ ಈ ಸೀಸನ್ ಬಿಟ್ಟುಬಿಡಿ ಅಂತಲೇ ನನ್ನ ಸಲಹೆ.

ಓನರ್ ಹತ್ತಿರ ಮಾತಾಡಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ಮುಚ್ಚಿಡೋಕೆ ಏನೂ ಇಲ್ಲ, ಕೀಬೋರ್ಡ್ ಮೇಲೆ ಬಿದ್ದಿದ್ದನ್ನು ಇಡೀ ಛತ್ರ ನೋಡಿದೆ. 'ಬಿಟ್ಟಿದ್ದೀನಿ, ಮಾತ್ರೆ ತಗೋತಿದ್ದೀನಿ, ಈ ಸಲ ನಾಲ್ಕು ಮಾಡ್ತೀನಿ, ಪೇಮೆಂಟ್ ಕೈಗೆ ಬೇಡ, ಮನೆಯವಳ ಅಕೌಂಟಿಗೆ ಹಾಕಿ.' ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ಹೇಳೋಕೆ ಅವರು ತಯಾರಿಲ್ಲ ಅಂದರೆ ಸೀಸನ್‌ಗೂ ಅವರು ತಯಾರಿಲ್ಲ ಅಂತ ನಾನು ತಿಳಿದುಕೊಳ್ಳುತ್ತೇನೆ. ದುಡ್ಡಿನ ವಿಷಯ ಅವಮಾನ ಅಂತ ನೋಡಬೇಡಿ. ಮಧ್ಯರಾತ್ರಿ ಕೈಯಲ್ಲಿ ನೋಟು ಇರಬಾರದು ಅಷ್ಟೇ. ಮಾರನೇ ದಿನ ಬೆಳಗ್ಗೆ ಲೆಕ್ಕ ಕೂತು ಮಾಡಿ, ಅವರ ಖರ್ಚಿಗೆ ಅವರದ್ದು ಕೊಡಿ.

ಉಳಿದಿದ್ದನ್ನು ಮಗಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಇಬ್ಬರೂ ಕೂತು ಬರೆಯಿರಿ, ಅವರ ಕೈಬರಹದಲ್ಲೇ. ಸ್ಟೇಜ್ ಹತ್ತೋ ಮುಂಚೆ ಹೊಟ್ಟೆ ತುಂಬಾ ಊಟ, ಮನೆಯ ಡಬ್ಬಿಯದ್ದೇ. ಇಳಿದ ಮೇಲೆ ಟಿಟಿಯಲ್ಲಿ ಬರೋದಿಲ್ಲ, ಕರೆದುಕೊಂಡು ಬರೋಕೆ ಕುಡಿಯದ ಒಬ್ಬ ತಮ್ಮನೋ ಭಾವಮೈದುನನೋ ಬೈಕ್ ತಂದು ಕಾಯುತ್ತಾನೆ. ಸೆಳೆತ ಬಂದರೆ ಯಾರಿಗೆ ಫೋನ್ ಮಾಡೋದು, ಆ ನಂಬರ್. ಬಿಲ್ ವಿಲ್ಸನ್ ಮಾಡಿದ ಹಾಗೆ ಅದು ಕುಡಿತ ಬಿಟ್ಟ ಇನ್ನೊಬ್ಬರದ್ದಾದರೆ ಚೆನ್ನ. ಎಎ ಸಭೆಗಳು ಕನ್ನಡದಲ್ಲೂ ನಡೆಯುತ್ತವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರೂ ಊರೂರಲ್ಲಿ ಇದ್ದಾರೆ, ವಿಚಾರಿಸಿದರೆ ಪಕ್ಕದ ಬೀದಿಯಲ್ಲೇ ಒಬ್ಬರು ಸಿಗಬಹುದು. ಮತ್ತೆ, ಕುಡಿದರೆ ಏನು ಅನ್ನೋದನ್ನೂ ಬರೆಯಿರಿ. ಮುಂದಿನ ಪ್ರೋಗ್ರಾಂ ರದ್ದು. ಮಾರನೇ ದಿನ ಆಸ್ಪತ್ರೆ. 'ಹುಷಾರಿಲ್ಲ' ಅಂತ ಓನರಿಗೆ ನೀವು ಸುಳ್ಳು ಹೇಳೋದಿಲ್ಲ. ಇದು ಶಿಕ್ಷೆಯಲ್ಲ, ಇಬ್ಬರಿಗೂ ಮೊದಲೇ ಗೊತ್ತಿರುವ ವಿಷಯ. ಹಾಗಾಗಿ ಆ ರಾತ್ರಿ ಜಗಳಕ್ಕೆ ಏನೂ ಉಳಿದಿರೋದಿಲ್ಲ.

ನೀವು ಪ್ರತೀ ಪ್ರೋಗ್ರಾಂಗೂ ಹೋಗಬೇಕಾ? ಮೊದಲನೇದಕ್ಕೆ ಹೋಗಿ. ಸೈಡ್ ವಿಂಗಿನಲ್ಲಿ ಕಾವಲು ನಿಲ್ಲಬೇಡಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಹಾಡು ಕೇಳಿ. ಎರಡು ವರ್ಷದಿಂದ ನೀವೂ ಅವರು ನುಡಿಸೋದನ್ನು ಕೇಳಿಲ್ಲ. ಆಮೇಲಿನದ್ದಕ್ಕೆ ಹೋಗಬೇಡಿ. ನೀವು ಪಕ್ಕದಲ್ಲಿ ಇದ್ದಿದ್ದಕ್ಕೆ ಕುಡಿಯಲಿಲ್ಲ ಅಂತಾದರೆ ನೀವು ಇಲ್ಲದ ದಿನ ಕುಡಿಯುತ್ತಾರೆ, ಅಷ್ಟೇ ಲೆಕ್ಕ. ಕುಡಿಯಬೇಕು ಅಂತ ತೀರ್ಮಾನ ಮಾಡಿದವನನ್ನು ಕಾದು ನಿಲ್ಲಿಸಿದ ಹೆಂಡತಿಯನ್ನು ನಾನು ನೋಡಿಲ್ಲ. ಕಾದು ಕಾದು ಬಿಪಿ ತಂದುಕೊಂಡವರನ್ನು ನೋಡಿದ್ದೇನೆ.

ಬ್ಲೌಸ್ ವಾಪಸ್ ಕೊಡೋ ಮಾತಂತೂ ಬೇಡವೇ ಬೇಡ. ವರಮಹಾಲಕ್ಷ್ಮಿಯಿಂದ ಗೌರಿ ಹಬ್ಬದವರೆಗೆ ನಿಮ್ಮದೂ ಸೀಸನ್ನೇ ಅಲ್ವಾ? ಎರಡು ವರ್ಷ ಮನೆ ನಡೆಸಿದ್ದು ಆ ಮೆಷಿನ್ನು. ಒಂದು ಸಲ ಗಿರಾಕಿಗಳನ್ನು ಕಳಿಸಿದರೆ ಅವರು ಇನ್ನೊಬ್ಬ ಟೈಲರ್ ಹುಡುಕಿಕೊಳ್ಳುತ್ತಾರೆ. ಆಗ ಇಡೀ ಸಂಸಾರ ನಿಮ್ಮವರ ನಡುಗುವ ಹತ್ತು ಬೆರಳಿನ ಮೇಲೆ ಬೀಳುತ್ತೆ. ಅಷ್ಟು ಭಾರ ಈಗ ಅವರಿಗೆ ಬೇಡ.

ಮಗಳ ಕೈಲಿ ಬಾಯಿ ಮೂಸಿಸೋದನ್ನು ಇವತ್ತಿಂದಲೇ ನಿಲ್ಲಿಸಿ. ನಿಮ್ಮನ್ನು ದೂರೋದಿಲ್ಲ, ಬೇರೆ ದಾರಿ ಕಾಣದೆ ಮಾಡಿದ್ದೀರಿ. ಆದರೆ ಅಪ್ಪ ಬಾಗಿಲು ತೆಗೆದ ಕೂಡಲೇ ಓಡಿಹೋಗಿ ತಬ್ಬಿಕೊಳ್ಳೋದು ಆ ಹುಡುಗಿಗೆ ಪತ್ತೇದಾರಿ ಕೆಲಸ ಆಗಿಬಿಟ್ಟಿದೆ. ವಾಸನೆ ಇದ್ದ ದಿನ ಅಮ್ಮನಿಗೆ ಹೇಳಿದರೆ ಜಗಳ, ಹೇಳದಿದ್ದರೆ ಸುಳ್ಳು. 13 ವರ್ಷಕ್ಕೆ ಅದು ತುಂಬಾ ಆಯಿತು. 'ಅಪ್ಪಂದು ಒಂದು ಕಾಯಿಲೆ, ನಿನ್ನಿಂದ ಬಂದಿದ್ದಲ್ಲ, ನೋಡ್ಕೊಳ್ಳೋದು ನಿನ್ನ ಕೆಲಸ ಅಲ್ಲ' ಅಂತ ಒಂದು ಸಲ ಕೂರಿಸಿಕೊಂಡು ಹೇಳಿ. ಅನುಮಾನ ಬಂದರೆ ನೀವೇ ನೇರವಾಗಿ ಅವರನ್ನು ಕೇಳಿ.

ಕುಡಿಯುತ್ತಿದ್ದಾಗಲೇ ಚೆನ್ನಾಗಿತ್ತು ಅನ್ನಿಸುತ್ತೆ ಅಂದಿರಿ. ಇದಕ್ಕೆ ಯಾರಾದರೂ ಯಾಕೆ ಬೈಯುತ್ತಾರೆ? ನನ್ನ ಎದುರು ಕೂತು ಎಷ್ಟೋ ಹೆಂಗಸರು ದನಿ ತಗ್ಗಿಸಿ ಇದನ್ನೇ ಹೇಳಿದ್ದಾರೆ. ಎಣ್ಣೆ ಬಿಟ್ಟ ಮೇಲೆ ಕೆಲವು ತಿಂಗಳು ಮನಸ್ಸು ಮಂಕಾಗಿರುತ್ತೆ, ನಿದ್ದೆ ಹರಕು ಮುರುಕು, ಯಾವುದರಲ್ಲೂ ರುಚಿ ಇಲ್ಲ. ಮಾಡಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತೆ, ನಾಚಿಕೆಗೆ ಮಾತು ನಿಂತುಹೋಗುತ್ತೆ. ಹೆಚ್ಚಿನವರಲ್ಲಿ ಇದು ನಿಧಾನಕ್ಕೆ ತಿಳಿಯಾಗುತ್ತೆ. ಆದರೆ ದಿನವಿಡೀ ಮಂಕು, ಊಟ ಬೇಡ, 'ನಾನಿದ್ದು ಏನು' ಅನ್ನೋ ಮಾತು ಇದ್ದರೆ ಅದು ಖಿನ್ನತೆ, ಬೇರೆಯಾಗಿ ಚಿಕಿತ್ಸೆ ಬೇಕು. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟೋದಿಲ್ಲ, ಬಚ್ಚಿಟ್ಟಿದ್ದರೆ ಹೊರಗೆ ಬರುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾಡಬಹುದು, ನಿಮಗೋಸ್ಕರ.

ನಿಮಗೋಸ್ಕರ ಅನ್ನೋದನ್ನು ಸುಮ್ನೆ ಹೇಳುತ್ತಿಲ್ಲ. ಗಂಡನ ಕುಡಿತ ಹೆಂಡತಿಗೂ ಚಿಕಿತ್ಸೆ ಬೇಕಾಗುವಂಥ ಪೆಟ್ಟು ಅಂತ ಮೊದಲು ಅರ್ಥ ಮಾಡಿಕೊಂಡವರಲ್ಲಿ ಹೆಂಡತಿಯರೇ ಇದ್ದಾರೆ. ಮೇಲೆ ಹೇಳಿದ ಲೋಯಿಸ್ 1951ರಲ್ಲಿ ಮನೆಯವರಿಗೆ ಅಂತಲೇ ಅಲ್-ಅನಾನ್ ಅನ್ನೋ ಕೂಟ ಶುರು ಮಾಡಿದರು. ನಮ್ಮ ಪಕ್ಕದ ಚೆನ್ನೈನಲ್ಲಿ ಶಾಂತಿ ರಂಗನಾಥನ್, ಕುಡಿತದಿಂದ ಗಂಡನನ್ನು ಕಳೆದುಕೊಂಡ ಮೇಲೆ 1980ರಲ್ಲಿ ಟಿ.ಟಿ. ರಂಗನಾಥನ್ ಹೆಸರಿನ ಸಂಸ್ಥೆ ಕಟ್ಟಿದರು. ಅಲ್ಲಿ ಕುಡಿಯುವವರ ಜೊತೆಗೆ ಮನೆಯವರಿಗೂ ಚಿಕಿತ್ಸೆ ಉಂಟು.

ಒಂದು ವೇಳೆ ಜಾರಿದರೆ? ಆ ರಾತ್ರಿ ಮಾತು ಬೇಡ. ಕುಡಿದವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಒಂದು ಮಗ್ಗುಲಾಗಿ ಮಲಗಿಸಿ, ನೀವು ಮಕ್ಕಳ ಜೊತೆ ಬೇರೆ ಕೋಣೆಯಲ್ಲಿ ಮಲಗಿ. ಕೈ ಎತ್ತಿದರೆ ಮನೆ ಬಿಟ್ಟು ಪಕ್ಕದವರ ಹತ್ತಿರ ಹೋಗಿ, 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. 'ಕುಡಿದ ಅಮಲಲ್ಲಿ' ಅನ್ನೋದು ಹೊಡೆತಕ್ಕೆ ಕ್ಷಮೆಯಲ್ಲ. ಬೆಳಗ್ಗೆ ಬರೆದ ಹಾಳೆ ಮುಂದಿಡಿ, ಆಸ್ಪತ್ರೆಗೆ ಹೊರಡಿ. ಒಂದು ರಾತ್ರಿ ಕುಡಿದರೆ ನಾಲ್ಕು ತಿಂಗಳು ನೀರಿಗೆ ಬೀಳೋದಿಲ್ಲ. 'ಹೇಗೂ ಹಾಳಾಯ್ತಲ್ಲ' ಅಂತ ಮಾರನೇ ದಿನವೂ ಕುಡಿಯೋದೇ ನಿಜವಾದ ಜಾರು. ವಾರಗಟ್ಟಲೆ ಕುಡಿದುಬಿಟ್ಟಿದ್ದರೆ ಮಾತ್ರ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ ಹುಳ ಹುಪ್ಪಟೆ ಕಾಣೋದು, ಗುರುತು ಸಿಗದೆ ಬಡಬಡಿಸೋದು ಶುರುವಾದರೆ ಪ್ರಾಣಕ್ಕೇ ಅಪಾಯ, 108 ಕರೆಯಿರಿ.

ಇನ್ನು 5 ವಾರ ಇದೆ. ಮಾತ್ರೆ ಹಿಡಿಸೋಕೆ, ನಡುಕಕ್ಕೆ ಕಾರಣ ಹುಡುಕೋಕೆ ಅಷ್ಟು ಸಾಕು, ಆದರೆ ಇದೇ ವಾರ ಹೊರಡಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಸಾಕು. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬೇರೆ ವಿಭಾಗ ಇದೆ. ಹಳೇ ಡಿಸ್ಚಾರ್ಜ್ ಸಮ್ಮರಿ, ನಿಲ್ಲಿಸಿದ ಮಾತ್ರೆಯ ಖಾಲಿ ಸ್ಟ್ರಿಪ್ ಇದ್ದರೆ ಅದು, ಎರಡನ್ನೂ ತಗೊಂಡು ಹೋಗಿ. ಹೊರಡುವ ಮುಂಚೆ ನಿಮ್ಮತ್ತೆಯನ್ನು ಒಂದು ಮಾತು ಕೇಳಿ, ಮಾವನವರಿಗೂ ಲೋಟ ಹಿಡಿಯುವಾಗ ಕೈ ನಡುಗುತ್ತಿತ್ತಾ ಅಂತ. ಹೌದು ಅಂದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ.